ಹೊಂದದ ರವಿಕೆಗಳ ದಿನ

ನಮ್ಮ ಗೆಳತಿಯರ ಬಳಗದ ವರ್ಷದ ಫೋಟೋ ನೋಡಿದವರು ಮೊದಲು ಕೇಳುವುದು, 'ಯಾಕ್ರೀ, ನಿಮಗ್ಯಾರಿಗೂ ಕಣ್ಣು ಕಾಣಲ್ವಾ?' ಅಂತ. ಮೆರೂನ್ ಸೀರೆಗೆ ಗಿಳಿಹಸಿರು ರವಿಕೆ. ಗುಲಾಬಿ ರೇಷ್ಮೆಗೆ ಕಿತ್ತಳೆ. ನಾನಂತೂ ಕೆನೆಬಣ್ಣದ ಮೈಸೂರು ಸಿಲ್ಕಿನ ಮೇಲೆ ನೇರಳೆ ಬಣ್ಣದ, ಬೆಳ್ಳಿಚುಕ್ಕಿಯ ಪಾಲಿಯೆಸ್ಟರ್ ರವಿಕೆ ತೊಟ್ಟು ಹಲ್ಲು ಕಿರಿದುಕೊಂಡು ನಿಂತಿದ್ದೇನೆ. ಆ ಫೋಟೋವನ್ನು ಯಾರಿಗೂ ಕಳಿಸಬೇಡಿ ಅಂತ ನನ್ನ ಸೊಸೆ ಕೈಮುಗಿದಳು. ನಾನು ಎಲ್ಲರಿಗೂ ಕಳಿಸಿದೆ. ಆ ನೇರಳೆ ರವಿಕೆ ನಮ್ಮ ಬಳಗದ ತಾಯಮ್ಮನದು. ಅವಳ ಟೇಸ್ಟೇ ಹಾಗಿತ್ತು, ಏನು ಮಾಡೋದು.

ಇದೆಲ್ಲ ವೇದಕ್ಕನ ಕೆಲಸ. ವೇದಕ್ಕ ಎಂದರೆ ಯೂನಿಯನ್ ಸಿಟಿಯ ವೇದವತಿ. ಈ ಬೇ ಏರಿಯಾದಲ್ಲಿ ಕನ್ನಡ ಮಾತಾಡುವ ಹೆಂಗಸರು ಬೆರಳೆಣಿಕೆಯಷ್ಟಿದ್ದಾಗ ನಮ್ಮನ್ನೆಲ್ಲ ಹುಡುಕಿ, ಗದರಿಸಿ, ಒಂದು ಕಡೆ ಕೂರಿಸಿದವರು. ಅವರ ಬಗ್ಗೆ ಬರೆಯಬೇಕಾದರೆ ಮೊದಲು ರವಿಕೆ ಕಣದ ವಿಷಯ ಹೇಳಲೇಬೇಕು.

ಅರಿಶಿನ ಕುಂಕುಮಕ್ಕೆ ಕರೆದರೆ ತಾಂಬೂಲದ ಜೊತೆ ಒಂದು ರವಿಕೆ ಕಣ ಕೊಡುತ್ತೇವಲ್ಲ, ಅದನ್ನು ನಮ್ಮಲ್ಲಿ ಯಾರಾದರೂ ಹೊಲಿಸಿದ್ದುಂಟೇ? ಮನೆಗೆ ತಂದು ಕ್ಲಾಸೆಟ್ಟಿನ ಚೀಲಕ್ಕೆ ತುರುಕುತ್ತೇವೆ. ನಮ್ಮ ಮನೆಯಲ್ಲಿ ಪೂಜೆ ಬಂದಾಗ ಅದೇ ಚೀಲದಿಂದ ತೆಗೆದು ಇನ್ನೊಬ್ಬರಿಗೆ ದಾಟಿಸುತ್ತೇವೆ. ಮಿಲ್ಪಿಟಾಸಿನ ನಮ್ಮ ಮನೆಯಿಂದ ಹೊರಟ ಕಣವೊಂದು ಫ್ರೀಮಾಂಟು, ಡಬ್ಲಿನ್ನು, ಸ್ಯಾನ್ ರಮೋನು ಎಲ್ಲ ಸುತ್ತಿಕೊಂಡು ಮತ್ತೆ ನಮ್ಮ ಮನೆಗೇ ಬಂದಿದ್ದನ್ನು ನಾನೇ ಕಂಡಿದ್ದೇನೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಎಲ್ಲರೂ ಮಾಡುವುದೇ.

ತಾಯಮ್ಮ ತೀರಿಕೊಂಡಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಂ ಶಾಂತಿಗಳ ಸುರಿಮಳೆಯಾಯಿತು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಅದರ ಬೆನ್ನಲ್ಲೇ ಯಾರೋ ಪುಣ್ಯಾತ್ಗಿತ್ತಿ, 'ಗ್ರೋಸರಿಯಲ್ಲಿ ಅವರೆಕಾಳು ಬಂದಿದೆಯಾ?' ಎಂದು ಕೇಳಿದಳು. 'ಬಂದಿದೆ, ಬೇಗ ಹೋಗಿ' ಎಂದು ಇನ್ನೊಬ್ಬಳು. ಆಮೇಲೆ ಗುಂಪಿನಲ್ಲಿ ಬರೀ ಅವರೆಕಾಳಿನದೇ ಮಾತು. ಸಂಜೆ ವೇದಕ್ಕ ನನಗೆ ಫೋನ್ ಮಾಡಿದರು.

"ಅಷ್ಟು ವರ್ಷ ನಮ್ಮ ಜೊತೆ ಇದ್ದೋಳು ಕಣೇ ರಂಜನಿ. ಅವರೆಕಾಳಿನ ಅಡಿ ಹೂತು ಹಾಕ್ಬಿಟ್ರಲ್ಲೇ! ಅಪ್ಪ ಅಮ್ಮಂಗೆ ಪಿತೃಪಕ್ಷ ಇದೆ, ಅತ್ತೆ ಮಾವಂಗೆ ಇದೆ. ಗೆಳತಿಗೆ ಏನಿದೆ ಹೇಳು?"

ಅದೇ ವಾರ ತಾಯಮ್ಮನ ಗಂಡ ದ್ವಾರಕಾನಾಥರು, ಹೆಂಡತಿಯ ಬಟ್ಟೆಬರೆ ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದು ವೇದಕ್ಕನನ್ನು ಕರೆಸಿದರು. ಕ್ಲಾಸೆಟ್ಟಿನಲ್ಲಿ ಒಂದು ಸೂಟ್‌ಕೇಸ್ ತುಂಬ ರವಿಕೆ ಕಣಗಳಿದ್ದವು. ವೇದಕ್ಕ ಅದರ ಪಕ್ಕ ನೆಲದ ಮೇಲೆ ಕೂತು, "ಒಳ್ಳೇ ದಿನಕ್ಕೆ ಅಂತ ಇಟ್ಕೊಂಡು ಹೋಗೇಬಿಟ್ಯಲ್ಲೇ" ಎಂದು ಸೂಟ್‌ಕೇಸಿಗೇ ಬೈದರು. ಆಮೇಲೆ ಅದನ್ನು ಕಾರಿಗೆ ಹಾಕಿಸಿಕೊಂಡು ಬಂದು ನಮಗೆಲ್ಲ ಒಂದೊಂದು ಕಣ ಹಂಚಿದರು.

"ಹೊಲಿಸಿ ತೊಡಬೇಕು. ದಾಟಿಸೋ ಹಾಗಿಲ್ಲ. ದಾಟಿಸಿದೋರು ನಮ್ಮನೆ ಮೆಟ್ಲು ಹತ್ತಬೇಡಿ."

ಅಲ್ಲಿಂದ ಶುರುವಾಯಿತು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಬರುವ ಶನಿವಾರ ಯೂನಿಯನ್ ಸಿಟಿಯ ಒಂದು ಹಾಲ್‌ನಲ್ಲಿ ಸೇರುತ್ತೇವೆ. ಹೋದವರ ಬೀರುವಿನಿಂದ ಬಂದ ಕಣಗಳು ನಮ್ಮ ಮೈಮೇಲೆ ಇರುತ್ತವೆ. ಸೀರೆಗೆ ಹೊಂದುತ್ತದೋ ಇಲ್ಲವೋ ಕೇಳುವಂತಿಲ್ಲ. ಒಬ್ಬೊಬ್ಬರೇ ಎದ್ದು ನಿಂತು 'ಇದು ಇಂಥವಳದು' ಎಂದು ಹೇಳಿ, ಅವಳ ಬಗ್ಗೆ ಒಂದು ನಿಜವಾದ ಮಾತು ಆಡಬೇಕು. 'ದೇವತೆಯಂಥ ಹೆಂಗಸು' ಎಂದರೆ ವೇದಕ್ಕ ಅಲ್ಲೇ ತಡೆಯುತ್ತಾರೆ. "ದೇವತೆ ಆಗಿದ್ರೆ ನಮ್ಜೊತೆ ಯಾಕೆ ಸೇರ್ತಿದ್ಲು? ಸರಿಯಾಗಿ ಹೇಳು." ಆಗ ಹೊರಬೀಳುತ್ತದೆ: ಬೋರಮ್ಮ ಎಲ್ಲರ ಊಟ ಮುಗಿಯುವ ಮೊದಲೇ ಮಿಕ್ಕಿದ್ದನ್ನು ತನ್ನ ಡಬ್ಬಿಗೆ ತುಂಬಿಕೊಳ್ಳುತ್ತಿದ್ದಳು, ಆ ಡಬ್ಬಿ ಆಮೇಲೆ ಬಾಣಂತಿಯ ಮನೆಗೋ, ಕೆಲಸ ಹೋದವರ ಮನೆಗೋ ತಲುಪುತ್ತಿತ್ತು. ನಗುತ್ತೇವೆ, ಅಳುತ್ತೇವೆ, ಊಟ ಮಾಡುತ್ತೇವೆ, ಆ ಕರ್ಮದ ಫೋಟೋ ತೆಗೆಸಿಕೊಳ್ಳುತ್ತೇವೆ.

ವೇದಕ್ಕ ಮೈಸೂರಿನವರು. ಗಂಡ ವಾಸುದೇವ ಮಿಲ್ಪಿಟಾಸಿನ ಕಂಪನಿಯೊಂದರಲ್ಲಿ ದುಡಿದು ಈಗ ನಿವೃತ್ತರು. ಮನೆಯಲ್ಲಿ ಹೆಂಡತಿಯ ದನಿ ಕೇಳಿ ಕೇಳಿ ಬೆಳಗ್ಗೆ ಸಂಜೆ ಎರಡು ಹೊತ್ತೂ ವಾಕಿಂಗ್ ಹೋಗುತ್ತಾರೆ. ವೇದಕ್ಕ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದರು. ಬಾಯಾರಿದರೆ ಕನ್ನಡದಲ್ಲೇ ನೀರು ಕೇಳಬೇಕು, ಅದು ಅಲ್ಲಿಯ ಕಾನೂನು. ಈಗ ದೊಡ್ಡ ದೊಡ್ಡ ಡಾಕ್ಟರಾಗಿರುವ ಹುಡುಗರಿಗೆ ಬರುವ ಕನ್ನಡವೆಂದರೆ 'ವೇದಾಂಟಿ, ನೀರು ಕೊಡಿ' ಅಷ್ಟೇ. ಗೆಳತಿಯರು ಆಸ್ಪತ್ರೆ ಸೇರಿದಾಗ ನಾವೆಲ್ಲ ಹೂವು ಹಣ್ಣು ಒಯ್ದರೆ ಅವರು ಎಣ್ಣೆ, ಬಾಚಣಿಗೆ ಒಯ್ಯುತ್ತಿದ್ದರು. "ಮಲಗಿ ಮಲಗಿ ತಲೆ ಸಿಕ್ಕು ಕಟ್ಟಿರತ್ತೆ, ಯಾವ ನರ್ಸು ಬಿಡಿಸ್ತಾಳೆ?" ಎನ್ನುತ್ತಿದ್ದರು. ನನ್ನ ಆಪರೇಷನ್ ಆದಾಗ ಬೈಯುತ್ತಲೇ ನನ್ನ ಜಡೆ ಹೆಣೆದರು. ನನ್ನ ಸ್ವಂತ ಅಕ್ಕ ಇದ್ದಿದ್ದರೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಗಂಡ ಹೋದವರಿಗೆ ಕುಂಕುಮ, ತಾಂಬೂಲ ಇಲ್ಲ ಎಂಬ ಮಾತು ಅವರ ಮನೆಯಲ್ಲಿ ನಡೆಯುತ್ತಿರಲಿಲ್ಲ. ಒಮ್ಮೆ ಯಾರೋ ಹಿರಿಯರು ಮುಖ ಸಿಂಡರಿಸಿದಾಗ, "ನಮ್ಮನೇಲಿ ಹೀಗೇ. ಇಷ್ಟ ಇಲ್ದೋರು ಕಾಫಿ ಕುಡಿದು ಹೊರಡಬಹುದು" ಎಂದು ಲೋಟ ಕೈಗೇ ಕೊಟ್ಟರು.

ಹಾಗೆ ಅವರು ತಾಂಬೂಲ ಕೊಟ್ಟವರಲ್ಲಿ ಶರಣವ್ವ ಒಬ್ಬಳು. ಗುಳೇದಗುಡ್ಡದವಳು, ನೇಕಾರರ ಮನೆಯ ಮಗಳು. ಯೂನಿಯನ್ ಸಿಟಿಯ ತನ್ನ ಮನೆಯ ಗರಾಜಿನಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡು ನಮ್ಮೆಲ್ಲರ ರವಿಕೆ ಹೊಲಿಯುತ್ತಿದ್ದಳು. ಅವಳ ಮಗಳು ತೇಜಸ್ವಿನಿ ವೇದಕ್ಕನ ಡೇಕೇರಿನಲ್ಲಿ ಬೆಳೆದ ಕೂಸು. ಆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲು ಇಳಿಯುವಾಗಲೇ ವೇದಕ್ಕ ಒಮ್ಮೆ ಜಾರಿ ಬಿದ್ದದ್ದು. ಮಗುವನ್ನು ಬಿಡಲಿಲ್ಲ; ಎದೆಗೆ ಅವುಚಿಕೊಂಡು ಎಡ ಮೊಣಕೈ ಊರಿಬಿಟ್ಟರು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಮೊಣಕೈ ಮುರಿದು, ಊದಿಕೊಂಡು, ಮತ್ತೆಂದೂ ನೆಟ್ಟಗಾಗಲಿಲ್ಲ. ಅಂದಿನಿಂದ ಶರಣವ್ವ ವೇದಕ್ಕನ ರವಿಕೆಗಳ ಎಡತೋಳನ್ನು ಬಲತೋಳಿಗಿಂತ ಸಡಿಲ ಹೊಲಿಯತೊಡಗಿದಳು. ಕಾಸು ಕೊಟ್ಟರೆ ಮುಟ್ಟುತ್ತಿರಲಿಲ್ಲ.

ಅವಳ ಹೊಲಿಗೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಪಕ್ಕೆಯಲ್ಲಿ ಬಟ್ಟೆ ಧಾರಾಳ ಬಿಟ್ಟು, ಹಿಡಿದಿರುವ ಹೊಲಿಗೆಯ ಆಚೆಗೆ ಇನ್ನೊಂದು ಸಾಲು ಹಾಕಿರುತ್ತಿದ್ದಳು. ಮೈ ಬಂದಾಗ ಒಳಗಿನ ಸಾಲು ಬಿಚ್ಚಿದರಾಯಿತು, ಆಚೆಯದು ಹಿಡಿದುಕೊಳ್ಳುತ್ತದೆ. "ಅಕ್ಕಾರ, ನೀವು ದಪ್ಪ ಆಗಾಕಿ ಅದೀರಿ, ನನಗ ಗೊತ್ತೈತಿ. ಒಂದ ಹೊಲಿಗಿ ಬಿಚ್ಚಕೋರಿ, ಮತ್ತ ನನ್ನ ಕಡೆ ಬರ್ರಿ" ಎಂದು ವೇದಕ್ಕನನ್ನು ರೇಗಿಸುತ್ತಿದ್ದಳು. ವೇದಕ್ಕನನ್ನು ದಪ್ಪ ಎನ್ನುವ ಧೈರ್ಯ ಈ ಕೌಂಟಿಯಲ್ಲಿ ಅವಳೊಬ್ಬಳಿಗೇ ಇತ್ತು.

ಶರಣವ್ವನ ಗಂಡ ತೀರಿಕೊಂಡ ವರ್ಷ, ನವರಾತ್ರಿಯಲ್ಲಿ ವೇದಕ್ಕ ಅವಳನ್ನೇ ಮೊದಲು ಕೂರಿಸಿ, ಕುಂಕುಮವಿಟ್ಟು ಮಡಿಲು ತುಂಬಿದರು. ಮರುವಾರ ಅವಳು ಒಂದು ಕಾಗದದ ಪೊಟ್ಟಣ ಹಿಡಿದು ಬಂದಳು. ಒಳಗೆ ಕಡುನೀಲಿ ಗುಳೇದಗುಡ್ಡ ಖಣ, ಕುಂಕುಮಬಣ್ಣದ ಅಂಚು, ಸೂಜಿಮಲ್ಲಿಗೆಯಷ್ಟು ಸಣ್ಣ ಹೂವಿನ ನೇಯ್ಗೆ. "ನಮ್ಮಪ್ಪ ಮಗ್ಗ ನಿಲ್ಲಸೋ ಮೊದಲ ನೇದದ್ದರಿ. ನನಗ ಇನ್ನ ಯಾರೂ ಉಡಿ ತುಂಬಂಗಿಲ್ಲ ಅಂತ ತಿಳಿದಿದ್ದೆ. ನೀವು ತುಂಬಿದ್ರಿ. ಇದು ನಿಮಗ." ಆ ಹೊತ್ತಿಗೆ ವೇದಕ್ಕನ ಮನೆ ತುಂಬ ಜನ, ಒಲೆಯ ಮೇಲೆ ಹಾಲು. ಪೊಟ್ಟಣ ಬಿಚ್ಚಿ, ಚೆನ್ನಾಗಿದೆ ಕಣೇ ಎಂದು ಹೇಳಿ ಒಳಗಿಟ್ಟರು. ಇಟ್ಟದ್ದು ಎಲ್ಲಿ? ಎಲ್ಲ ಕಣಗಳೂ ಇರುವ ಚೀಲದಲ್ಲಿ.

ಮುಂದೇನಾಯಿತೆಂದು ನಮ್ಮ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಕಳೆದು ಮಿಲ್ಪಿಟಾಸಿನ ಕಾವ್ಯಾಳ ಮನೆಯಲ್ಲಿ ಅರಿಶಿನ ಕುಂಕುಮ. ಕಾವ್ಯಾ ಪಾಪ, ತನಗೆ ವೇದಕ್ಕನ ಮನೆಯಲ್ಲಿ ಸಿಕ್ಕಿದ್ದ ಆ ಕಡುನೀಲಿ ಖಣವನ್ನೇ ತಾಂಬೂಲದಲ್ಲಿಟ್ಟು ಶರಣವ್ವನ ಕೈಗೆ ಕೊಟ್ಟಳು. ನಾನು ಪಕ್ಕದಲ್ಲೇ ಕೂತಿದ್ದೆ. ಶರಣವ್ವ ಅಂಚು ಬಿಡಿಸಿ ನೋಡಿದಳು, ಹೆಬ್ಬೆರಳಿನಿಂದ ಸವರಿದಳು, ಮತ್ತೆ ಮಡಚಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಎದುರಿಗೆ ಕೂತಿದ್ದ ವೇದಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಾರನೇ ದಿನ ವೇದಕ್ಕ ಶರಣವ್ವನಿಗೆ ಫೋನ್ ಮಾಡಿದರು. ನೇರವಾಗಿ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವರಿಗೆ ಆ ಮಾತು ಬಾಯಿಗೇ ಬರಲಿಲ್ಲ. "ನಮ್ಮಲ್ಲಿ ಎಲ್ಲರೂ ಮಾಡೋದೇ ಅಲ್ವೇನೇ" ಎಂದುಬಿಟ್ಟರು. "ಹೌದ್ರಿ ಅಕ್ಕಾರ. ಬಿಡ್ರಿ" ಎಂದು ಶರಣವ್ವ ಫೋನ್ ಇಟ್ಟಳು. ಆಮೇಲೆ ಬಳಗಕ್ಕೆ ಬರಲಿಲ್ಲ. ಮಗಳ ಮನೆಗೆಂದು ಸ್ಯಾನ್ ರಮೋನಿಗೆ ಹೋಗಿ ನೆಲೆಸಿದಳು. ವೇದಕ್ಕ ರವಿಕೆಗಳನ್ನು ಬೆಂಗಳೂರಿಗೆ ಹೋದಾಗ ಹೊಲಿಸತೊಡಗಿದರು. ಎಡತೋಳು ಒಂದೂ ಸರಿ ಬರಲಿಲ್ಲ. ವರ್ಷಗಳು ಹೀಗೇ ಕಳೆದವು. ಇಬ್ಬರದೂ ಕಲ್ಲು ಹೃದಯ ಅಂತ ನಾನು ಬೈದುಕೊಂಡಿದ್ದೆ.

ಈ ವರ್ಷ ಚಳಿಗಾಲ ಕಳೆಯುವಷ್ಟರಲ್ಲಿ ಶರಣವ್ವ ಹೋಗಿಬಿಟ್ಟಳು. ಹಾರ್ಟು. ನಮಗೆ ಸುದ್ದಿ ತಿಳಿದದ್ದೇ ಎಲ್ಲ ಮುಗಿದ ಮೇಲೆ.

ಮಹಾಲಯ ಹತ್ತಿರ ಬಂದಾಗ ವೇದಕ್ಕ ತೇಜಸ್ವಿನಿಗೆ ಫೋನ್ ಮಾಡಿ, ಅಮ್ಮನ ಬೀರುವಿನಿಂದ ಒಂದು ಕಣ ಬೇಕು, ಆ ದಿನ ಅವಳನ್ನೂ ನೆನೆಯುತ್ತೇವೆ ಎಂದು ಕೇಳಿದರು. ಆ ಹುಡುಗಿ ಆಗಲ್ಲ ಎಂದಳು. "ನಡಿ, ಮುಖಾಮುಖಿ ಕೇಳ್ತೀನಿ" ಎಂದು ವೇದಕ್ಕ ನನ್ನ ಕಾರು ಹತ್ತಿದರು. ಮಿಷನ್ ಬುಲೆವಾರ್ಡ್ ದಾಟಿ 680 ಹೈವೇ ಹಿಡಿದರೂ ಒಂದು ಮಾತಿಲ್ಲ. ನನ್ನ ಡ್ರೈವಿಂಗಿಗೂ ಬೈಯಲಿಲ್ಲ. ನನಗೆ ಅದೇ ಭಯವಾಯಿತು.

ತೇಜಸ್ವಿನಿ ಕೂರಿಸಿ ಕಾಫಿ ಕೊಟ್ಟಳು. ಮರ್ಯಾದೆಗೇನೂ ಕಮ್ಮಿಯಿರಲಿಲ್ಲ.

"ವೇದಾಂಟಿ, ನೀವು ಬಂದಿದ್ದು ಖುಷಿ. ಬಟ್ ಅಮ್ಮ ನಿಮ್ಮ ಗ್ರೂಪ್ ಬಿಟ್ಟಿದ್ರು. ಯಾಕೆ ಅಂತ ನಂಗೆ ಯಾವತ್ತೂ ಹೇಳಿಲ್ಲ. ಈಗ ಅವರ ನೇಮ್ ಹೇಳಿ ಫೋಟೋ ತೆಗೆದ್ರೆ... ಐ ಡೋಂಟ್ ನೋ, ಇಟ್ ಫೀಲ್ಸ್ ಫೇಕ್."

"ಯಾಕೆ ಬಿಟ್ಟಳು ಅಂತ ನಾನು ಹೇಳ್ತೀನಿ," ಎಂದರು ವೇದಕ್ಕ. ಖಣದ ಕಥೆಯನ್ನೆಲ್ಲ ಹೇಳಿದರು, ತಮ್ಮನ್ನು ಎಲ್ಲೂ ಸಮರ್ಥಿಸಿಕೊಳ್ಳದೆ. "ತಪ್ಪು ನಂದೇ. ಅವಳ ಅಪ್ಪನ ಕೈಕೆಲಸ ಅದು, ನಾನು ಕಣ್ಣಿಟ್ಟು ನೋಡದೆ ದಾಟಿಸ್ಬಿಟ್ಟೆ. ಈಗ ಅವಳನ್ನ ನಮ್ಮೋಳು ಅಂತ ಕರೆಯೋಕೂ ಆಗದೇ ಹೋದ್ರೆ, ಅವಳನ್ನೂ ದಾಟಿಸ್ಬಿಟ್ಟ ಹಾಗಾಗತ್ತೆ ಮಗಳೇ. ಅಷ್ಟೇ ನನ್ನ ಸಂಕಟ."

ತೇಜಸ್ವಿನಿ ಕಾಫಿ ಲೋಟಗಳನ್ನು ಒಂದು ಕಡೆ ಜೋಡಿಸಿದಳು. "ಇದನ್ನ ಅಮ್ಮಂಗೆ ಹೇಳ್ಬೇಕಿತ್ತು, ಆಂಟಿ. ನಂಗಲ್ಲ" ಎಂದಳು.

ನನಗೆ ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸುಳ್ಳಲ್ಲವಲ್ಲ. ವೇದಕ್ಕ ತಲೆಯಾಡಿಸಿ ಎದ್ದರು. ಹೊರಗೆ ಗಾಳಿ ಜೋರಿತ್ತು. ಸ್ವೆಟರ್ ಹಾಕಿಕೊಳ್ಳುವಾಗ ಎಂದಿನಂತೆ ಎಡಗೈ ತೋಳಿನೊಳಗೆ ಸಿಕ್ಕಿಕೊಂಡಿತು, ನಾನು ಎಳೆದು ತೂರಿಸಿದೆ. ತೇಜಸ್ವಿನಿ ಬಾಗಿಲಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು.

"ಮಗಳು ಬೇಡ ಅಂದ್ಮೇಲೆ ಮುಗೀತು," ಎಂದರು ವೇದಕ್ಕ ಕಾರಿನಲ್ಲಿ. "ಅವಳ ಹೆಸರು ಯಾರೂ ಎತ್ತಬೇಡಿ. ಮುಂದಿನ ವರ್ಷದಿಂದ ಇದನ್ನ ಕಾವ್ಯಾ ನಡೆಸಲಿ. ಬೇರೆಯವರಿಗೆಲ್ಲ ಪಾಠ ಹೇಳೋ ಯೋಗ್ಯತೆ ನಂಗಿಲ್ಲ."

"ಬಾಯಿ ಮುಚ್ಚಿ ವೇದಕ್ಕ," ಎಂದೆ. ಅವರಿಗೆ ಹಾಗೆಂದದ್ದು ನಾನು ಅದೇ ಮೊದಲು. ಅವರು ನಿಜಕ್ಕೂ ಬಾಯಿ ಮುಚ್ಚಿಕೊಂಡರು.

ಆ ಶನಿವಾರ ಹಾಲ್‌ಗೆ ಹೋದರೆ ವೇದಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದರು. ಹಸಿರು ಸೀರೆಗೆ ಅದೇ ಹಸಿರಿನ ರವಿಕೆ. ಅಷ್ಟು ಜನರಲ್ಲಿ ಸೀರೆಗೆ ಹೊಂದುವ ರವಿಕೆ ತೊಟ್ಟವರು ಅವರೊಬ್ಬರೇ, ಯಾರದೋ ಮನೆಗೆ ಬಂದ ನೆಂಟರ ಹಾಗೆ ಕಂಡರು. ನಾನು ಎದ್ದು ತಾಯಮ್ಮನ ನೇರಳೆ ರವಿಕೆಯ ಪರವಾಗಿ ಒಂದು ಮಾತಾಡಿದೆ. ಬೋರಮ್ಮನ ಡಬ್ಬಿಯ ಕಥೆ ಆಯಿತು. ಅಷ್ಟರಲ್ಲಿ ಬಾಗಿಲು ತೆರೆದು ತೇಜಸ್ವಿನಿ ಬಂದಳು, ಜೀನ್ಸು, ಕೈಯಲ್ಲೊಂದು ಕಾಗದದ ಚೀಲ. ಸೀದಾ ಹಿಂದಿನ ಸಾಲಿಗೆ ನಡೆದಳು.

"ಆಂಟಿ, ಅಮ್ಮನ ಕ್ಲಾಸೆಟ್ಟಲ್ಲಿ ಎಲ್ಲಾ ಹೊಲಿದೇ ಇರೋ ಪೀಸಸ್ಸು. ಇದೊಂದೇ ರೆಡಿ ಬ್ಲೌಸು. ನಂದಲ್ಲ. ಅಮ್ಮಂದೂ ಅಲ್ಲ, ತುಂಬಾ ದೊಡ್ಡದು. ಒಂದು ಸ್ಲೀವ್ ಲೂಸಾಗಿದೆ. ಅಮ್ಮ ತಪ್ಪು ಹೊಲಿಯಲ್ಲ, ಯು ನೋ. ಯಾಕೆ ಹೀಗೆ ಅಂತ ಗೊತ್ತಾಗಿರ್ಲಿಲ್ಲ." ಅವಳು ವೇದಕ್ಕನ ಎಡಗೈ ನೋಡಿದಳು. "ಅವತ್ತು ನೀವು ಸ್ವೆಟರ್ ಹಾಕ್ಕೊಂಡಾಗ ಗೊತ್ತಾಯ್ತು."

ಚೀಲದಿಂದ ತೆಗೆದಳು. ಕಡುನೀಲಿ, ಕುಂಕುಮದ ಅಂಚು ತೋಳಿನ ತುದಿಗೆ ಬರುವಂತೆ ಕೂರಿಸಿದ್ದ ರವಿಕೆ.

ವೇದಕ್ಕನ ಕೈ ಅದನ್ನು ಮುಟ್ಟಲೇ ಹೆದರಿತು. "ನಿಮ್ಮ ಕೈಗೆ ಏನಾಗಿತ್ತು, ಆಂಟಿ?" ಎಂದು ತೇಜಸ್ವಿನಿ ಕೇಳಿದಳು. ವೇದಕ್ಕ, "ಏನಿಲ್ಲ, ಬಿದ್ದಿದ್ದೆ" ಎಂದರು. ನನಗೆ ತಡೆಯಲಾಗಲಿಲ್ಲ. "ಏನಿಲ್ಲವಂತೆ! ನಿನ್ನ ಎತ್ತಿಕೊಂಡು ಬಿದ್ದಿದ್ದು ಕಣೇ. ನಿನ್ನ ಬಿಡಬಾರದು ಅಂತ ಕೈ ಮುರಕೊಂಡ್ರು. ನಿಮ್ಮಮ್ಮ ಅದಕ್ಕೇ ಹಾಗೆ ಹೊಲೀತಿದ್ದಳು" ಎಂದೆ. ತೇಜಸ್ವಿನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಮೂವರೂ ಪಕ್ಕದ ಕೋಣೆಗೆ ಹೋದೆವು. ಎಡತೋಳು ನುಣ್ಣಗೆ ಇಳಿಯಿತು, ಬೆಂಗಳೂರಿನ ಯಾವ ಟೇಲರಿಗೂ ಬರದ ಹಾಗೆ. ಆದರೆ ಮುಂದೆ ಹುಕ್ಕು ಕೂಡಲಿಲ್ಲ. ವೇದಕ್ಕ ಉಸಿರು ಹಿಡಿದರು, ನಾನು ಎಳೆದೆ, ಆಗಲಿಲ್ಲ. ಆಗ ಆ ಗಟ್ಟಿಗಿತ್ತಿಯ ಮುಖ ಕುಸಿದುಹೋಯಿತು. "ಬಿಡೇ ರಂಜನಿ. ಹೊತ್ತು ಮೀರಿತು. ತಪ್ಪಾಯ್ತು ಅಂತ ಹೋಗಬೇಕಾದಾಗ ನಾನು ಹೋಗಲಿಲ್ಲ, ಈಗ ಇದು ಹ್ಯಾಗೆ ಬಂದೀತು?"

"ಒನ್ ಮಿನಿಟ್," ಎಂದಳು ತೇಜಸ್ವಿನಿ. ರವಿಕೆ ತೆಗೆಸಿ ಒಳಹೊರಗು ಮಾಡಿದಳು. ಪಕ್ಕೆಯಲ್ಲಿ ಎರಡು ಬೆರಳಗಲ ಬಟ್ಟೆ ಮಡಚಿ ಬಿಟ್ಟಿತ್ತು. ನಮಗೆಲ್ಲ ಒಂದು ಹೆಚ್ಚಿನ ಸಾಲು ಹಾಕುತ್ತಿದ್ದವಳು ಇದರಲ್ಲಿ ಒಂದರಾಚೆ ಒಂದು, ಸಾಲು ಸಾಲು ಹೊಲಿಗೆ ಹಾಕಿದ್ದಳು. ಇವತ್ತು ಬರದಿದ್ದರೆ ಮುಂದಿನ ವರ್ಷ, ಅದೂ ಇಲ್ಲದಿದ್ದರೆ ಅದರ ಮುಂದಿನ ವರ್ಷ, ಅಕ್ಕ ಯಾವಾಗ ಬಂದರೂ ಮೈಗೆ ಹಿಡಿಯಬೇಕು ಎಂದು.

ತೇಜಸ್ವಿನಿ ನನ್ನ ಬಳೆಯಲ್ಲಿದ್ದ ಸೇಫ್ಟಿ ಪಿನ್ ತೆಗೆದುಕೊಂಡು, ಅಮ್ಮನ ಕೈ ಹಾಕಿದ ಹೊಲಿಗೆಯನ್ನು ಎಳೆಎಳೆಯಾಗಿ ಬಿಚ್ಚಿದಳು. ಹುಕ್ಕು ಕೂಡಿತು. ವೇದಕ್ಕ ಕನ್ನಡಿ ನೋಡಿಕೊಂಡರು. "ಇನ್ನೂ ಉಳಿದಿದೆಯಾ ಹೊಲಿಗೆ?"

"ಇದೆ, ಆಂಟಿ."

"ಇನ್ನೂ ದಪ್ಪ ಆಗ್ತೀನಿ ಅಂತ ಲೆಕ್ಕ ಹಾಕಿದ್ದಾಳೆ, ಕತ್ತೆ!" ನಕ್ಕರು, ಅರ್ಧಕ್ಕೇ ಕಣ್ಣು ತುಂಬಿ ಬಂತು.

ಹಾಲ್‌ಗೆ ಬಂದು ಮುಂದೆ ನಿಂತರು. ಹಸಿರು ಸೀರೆಗೆ ಕಡುನೀಲಿ, ಎಳ್ಳಷ್ಟೂ ಹೊಂದಿರಲಿಲ್ಲ. "ಇದು ಶರಣವ್ವಂದು," ಎಂದರು. "ಅವಳು ಪ್ರೀತಿಯಿಂದ ಕೊಟ್ಟಿದ್ದನ್ನ ನಾನು ನೋಡದೆ ದಾಟಿಸಿದೆ. ಅವಳಿಗೆ ಕೋಪ ಬಂತು. ಕೋಪ ಇಟ್ಕೊಂಡೇ ನಂಗೆ ರವಿಕೆ ಹೊಲಿದಿಟ್ಟಿದ್ದಳು. ನಾನು ಒಂದು ಸಲ ಅವಳ ಬಾಗಿಲು ತಟ್ಟಿದ್ದರೆ ಅವತ್ತೇ ಕೈಗೆ ಕೊಡ್ತಿದ್ದಳು. ನಾನು ತಟ್ಟಲಿಲ್ಲ. ಇದು ನಿಜ." ಮುಂದಿನ ವರ್ಷ ಯಾರು ನಡೆಸುವುದೆಂದು ಆಮೇಲೆ ಯಾರೂ ಕೇಳಲಿಲ್ಲ.

ಊಟಕ್ಕೆ ಮೊದಲು ವೇದಕ್ಕ ತೇಜಸ್ವಿನಿಯನ್ನು ಕೂರಿಸಿ ತಾಂಬೂಲ ಕೊಟ್ಟರು. ಅದರ ಮೇಲಿಟ್ಟದ್ದು ತಾಯಮ್ಮನ ಸೂಟ್‌ಕೇಸಿನಲ್ಲಿ ಉಳಿದಿದ್ದ ಹಳದಿ ಕಣ. ಎಂದಿನ ಹುಕುಂ ಜೊತೆಗೇ ಬಂತು: "ಹೊಲಿಸಿ ತೊಡಬೇಕು. ದಾಟಿಸೋ ಹಾಗಿಲ್ಲ."

ಹುಡುಗಿ ಆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. "ಯಾರ ಹತ್ರ ಹೊಲಿಸ್ಲಿ, ಆಂಟಿ? ಅಮ್ಮ ಇಲ್ವಲ್ಲ," ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಅತ್ತಳು, ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ. ವೇದಕ್ಕ ಬಗ್ಗಿ, ಆ ನೆಟ್ಟಗಾಗದ ಎಡಗೈಯಲ್ಲೇ ಅವಳನ್ನು ಎದೆಗೆ ಅವುಚಿಕೊಂಡರು. ತೋಳು ಎಲ್ಲೂ ಬಿಗಿಯಲಿಲ್ಲ.